ಓದು, ಓಟ ಮತ್ತು ಡಾಕ್ಟರ್ ವಿಂಟ್

ಪ್ರಿಯ ಓದುಗರೇ,

ನಮ್ಮ ಬಳಗದ ಮಕ್ಕಳ ಕ್ರೀಡಾದಿನಕ್ಕೆ ಹೆಸರು ಕೊಟ್ಟವರ ಪಟ್ಟಿ ನೋಡಿದೆ. ಹತ್ತು ವರ್ಷದೊಳಗಿನ ಮಕ್ಕಳು ಬೇಕಾದಷ್ಟಿದ್ದಾರೆ. ಹದಿನಾಲ್ಕು ದಾಟಿದವರು ಮಾತ್ರ ಬೆರಳೆಣಿಕೆಯಷ್ಟು. ಹೋದ ವರ್ಷ ಚೆನ್ನಾಗಿ ಓಡಿದ್ದ ಹುಡುಗಿಯೊಬ್ಬಳ ತಾಯಿಗೆ ಫೋನ್ ಮಾಡಿದೆ. "ಈ ವರ್ಷ ಪರೀಕ್ಷೆ ಇದೆ ಅಲ್ವಾ, ಓಟ ಬಿಡಿಸಿಬಿಟ್ವಿ" ಎಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಇದೇ ಮಾತು ನಮ್ಮ ಮನೆಯಲ್ಲೂ ಬಂದಿದೆ. ಆದರೂ ಫೋನ್ ಇಟ್ಟ ಮೇಲೆ ನನಗೆ ನೆನಪಾದವರು ಜಮೈಕಾದ ಆರ್ಥರ್ ವಿಂಟ್. ನಮ್ಮಲ್ಲಿ ಎಷ್ಟೋ ಜನ ರೈಲಿನಲ್ಲಿ ಹಾದುಹೋಗುವ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಓಡಿದವರು.

ವಿಂಟ್ ಹುಟ್ಟಿದ್ದು 1920ರಲ್ಲಿ. ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆ ಸೇರಿ ಪೈಲಟ್ ಆದರು. ಯುದ್ಧ ಮುಗಿದ ಮೇಲೆ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂಸ್ ಆಸ್ಪತ್ರೆಯಲ್ಲಿ ಡಾಕ್ಟರ್ ಓದಿಗೆ ಸೇರಿಕೊಂಡರು. 1948ರ ಒಲಿಂಪಿಕ್ಸ್ ಲಂಡನ್ನಿಗೆ ಬಂದಾಗ ಅವರು ಇನ್ನೂ ವಿದ್ಯಾರ್ಥಿ.

ಆಗಸ್ಟ್ 5ರಂದು 400 ಮೀಟರ್ ಫೈನಲ್. ಗೆಲ್ಲುವವರು ಯಾರು ಎಂದರೆ ಎಲ್ಲರ ಬಾಯಲ್ಲೂ ಹರ್ಬ್ ಮೆಕೆನ್ಲಿ ಹೆಸರು. ಅವರೂ ಜಮೈಕಾದವರೇ, ವಿಶ್ವದಾಖಲೆಯೂ ಅವರದೇ. ಮೆಕೆನ್ಲಿ ಗುಂಡು ಹಾರಿದಾಗಿನಿಂದ ಬಿರುಸಾಗಿ ಓಡಿ ಮುಂದಾದರು. ವಿಂಟ್ ಆರಡಿ ಮೀರಿದ ಆಳು. ಅವರ ಒಂದೊಂದು ಹೆಜ್ಜೆ ಸುಮಾರು ಒಂಬತ್ತು ಅಡಿ ಎನ್ನುತ್ತಿದ್ದರು. ಅಷ್ಟುದ್ದದ ಹೆಜ್ಜೆ ಹಾಕುತ್ತಾ, ಮೆಕೆನ್ಲಿಯ ಕಾಲು ಸೋಲುವ ಹೊತ್ತಿಗೆ, ಕೊನೆಯ ಕೆಲವೇ ಗಜಗಳಲ್ಲಿ ಅವರನ್ನು ದಾಟಿಬಿಟ್ಟರು. ಸಮಯ 46.2 ಸೆಕೆಂಡ್. ಜಮೈಕಾಕ್ಕೆ ಅದು ಮೊದಲ ಒಲಿಂಪಿಕ್ ಚಿನ್ನ. ಅದೇ ಕೂಟದ 800 ಮೀಟರ್‌ನಲ್ಲಿ ಅಮೆರಿಕದ ಮಾಲ್ ವಿಟ್‌ಫೀಲ್ಡ್ ಹಿಂದೆ ಎರಡನೆಯವರಾಗಿ ಬೆಳ್ಳಿ ಗೆದ್ದರು.

ಆದರೆ 4×400 ರಿಲೇ ಫೈನಲ್‌ನಲ್ಲಿ ವಿಂಟ್ ಓಡುತ್ತಿದ್ದಾಗಲೇ ಕಾಲಿನ ಸ್ನಾಯು ಹಿಡಿದುಕೊಂಡಿತು. ನಡುವೆಯೇ ನಿಂತರು. ಕೊನೆಯ ಸುತ್ತಿಗೆ ಕಾಯುತ್ತಿದ್ದ ಮೆಕೆನ್ಲಿಯ ಕೈಗೆ ಬೇಟನ್ ತಲುಪಲೇ ಇಲ್ಲ.

ಇದೇ ವೆಂಬ್ಲಿಯಲ್ಲಿ ಕೆಲವು ದಿನ ಮೊದಲು ನಮ್ಮ ಬೆಂಗಳೂರಿನ ಹುಡುಗನೊಬ್ಬನಿಗೂ ಇಂಥದ್ದೇ ಆಗಿತ್ತು. ಹತ್ತೊಂಬತ್ತರ ಹೆನ್ರಿ ರೆಬೆಲ್ಲೊ ಟ್ರಿಪಲ್ ಜಂಪ್ ಫೈನಲ್‌ವರೆಗೆ ಬಂದಿದ್ದರು. ಜಿಗಿಯುವಾಗ ತೊಡೆಯ ಹಿಂಭಾಗದ ಸ್ನಾಯು ಹರಿಯಿತು, ಪದಕದ ಆಸೆ ಅಲ್ಲಿಗೇ ಮುಗಿಯಿತು. ರೆಬೆಲ್ಲೊ ಮುಂದೆ ಭಾರತೀಯ ವಾಯುಪಡೆ ಸೇರಿದರು. ಅವರ ಹೆಸರು ನಮ್ಮ ಮಕ್ಕಳಿಗಿರಲಿ, ನಮಗೇ ಗೊತ್ತಿಲ್ಲದಿರುವುದು ನನಗೆ ಬೇಸರ ತರಿಸುತ್ತದೆ.

ವಿಂಟ್‌ಗೆ ಇನ್ನೊಂದು ಅವಕಾಶ ಸಿಕ್ಕಿತು. ನಾಲ್ಕು ವರ್ಷ ಓದೂ ನಡೆಯಿತು, ಓಟವೂ ನಡೆಯಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಅದೇ ನಾಲ್ವರು, ವಿಂಟ್, ಲೆಸ್ ಲೇಂಗ್, ಮೆಕೆನ್ಲಿ, ಜಾರ್ಜ್ ರೋಡನ್, ಮತ್ತೆ ರಿಲೇಗೆ ನಿಂತರು. ಮೊದಲ ಸುತ್ತು ವಿಂಟ್ ಓಡಿದರು. 3 ನಿಮಿಷ 3.9 ಸೆಕೆಂಡ್, ವಿಶ್ವದಾಖಲೆ. ಅಮೆರಿಕ ಹಿಂದೆ ಬಿದ್ದದ್ದು ಸೆಕೆಂಡಿನ ಹತ್ತನೇ ಒಂದು ಭಾಗ ಅಷ್ಟೇ. 800 ಮೀಟರ್‌ನಲ್ಲಿ ಮತ್ತೆ ವಿಟ್‌ಫೀಲ್ಡ್ ಹಿಂದೆಯೇ ಬೆಳ್ಳಿ.

ನನಗೆ ಜಾಸ್ತಿ ಇಷ್ಟವಾಗುವುದು ಆಮೇಲಿನ ಕತೆ. ಡಾಕ್ಟರ್ ಆದ ವಿಂಟ್ 1955ರಲ್ಲಿ ಊರಿಗೆ ವಾಪಸ್ ಹೋದರು. ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಹೆಸರು ಮಾಡುವುದು ಅವರಿಗೆ ಕಷ್ಟವೇನಲ್ಲ. ಆದರೆ ದ್ವೀಪದ ಇನ್ನೊಂದು ತುದಿಯ ಹ್ಯಾನೋವರ್‌ಗೆ ಹೋಗಿ ನೆಲೆಸಿದರು. ಅಲ್ಲಿದ್ದ ಡಾಕ್ಟರ್ ಅವರೊಬ್ಬರೇ. ಹಳ್ಳಿಯಲ್ಲಿ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಜ್ವರಕ್ಕೂ ಅವರೇ, ಹೆರಿಗೆಗೂ ಅವರೇ, ನಡುರಾತ್ರಿ ಬಾಗಿಲು ತಟ್ಟಿದರೆ ಏಳುವವರೂ ಅವರೇ. 1974ರಲ್ಲಿ ಜಮೈಕಾದ ಹೈಕಮಿಷನರ್ ಆಗಿ ಲಂಡನ್ನಿಗೆ ಮತ್ತೆ ಬಂದರು, ನಾಲ್ಕು ವರ್ಷ ಇದ್ದರು. ಅದು ಮುಗಿದ ಮೇಲೆ ಜಮೈಕಾದ ಲಿನ್‌ಸ್ಟೆಡ್‌ನಲ್ಲಿ ಮತ್ತೆ ಆಸ್ಪತ್ರೆ ಕೆಲಸ. 1992ರಲ್ಲಿ ತೀರಿಕೊಂಡರು.

ಆ ತಾಯಿಗೆ ನಿನ್ನೆ ಸಂಜೆ ಮತ್ತೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾರಕ್ಕೆರಡು ದಿನ ಕಳಿಸ್ತೀನಿ, ನೋಡೋಣ" ಎಂದರು. ಹದಿನಾಲ್ಕು ದಾಟಿದವರಿಗೆ ಈ ಸಲ 800 ಮೀಟರ್ ಓಟವನ್ನೂ ಇಟ್ಟಿದ್ದೇವೆ. ಹೆಸರು ಕೊಡಲು ಇನ್ನೂ ಎರಡು ವಾರ ಇದೆ.

— ಸಂಪಾದಕ