ಮಗು ಐದು ವರ್ಷ ಆಗುವವರೆಗೆ ಕಾಯಿಸಬೇಡಿ: ಸೊಮಾಲಿ ಮನೆಗಳ ಆಟಿಸಂ ಮಕ್ಕಳಿಗಾಗಿ ಹೆನ್ನೆಪಿನ್ ಕೌಂಟಿಗೆ ಮನವಿ

ಗೆ,
ಮಾನ್ಯ ಕಮಿಷನರುಗಳು,
ಹೆನ್ನೆಪಿನ್ ಕೌಂಟಿ ಮಂಡಳಿ,
ಮಿನಿಯಾಪೊಲಿಸ್, ಮಿನ್ನೆಸೋಟ.

ಪ್ರತಿಗಳು: ಮಿನಿಯಾಪೊಲಿಸ್ ನಗರಸಭೆ, ಶಾಲಾ ಮಂಡಳಿ, ಪಾರ್ಕ್ ಮಂಡಳಿ.

ವಿಷಯ: ಸೊಮಾಲಿ ಕುಟುಂಬಗಳ ಮಕ್ಕಳಲ್ಲಿ ಆಟಿಸಂ (ಮಾತು, ಜನರ ಜೊತೆ ಬೆರೆಯುವುದು ಬೇರೆ ರೀತಿ ಬೆಳೆಯುವ ಸ್ಥಿತಿ) ಬೇಗ ಗುರುತಿಸುವುದು, ಅವರ ಭಾಷೆಯಲ್ಲೇ ಪರೀಕ್ಷೆ ಮಾಡುವುದು ಮತ್ತು ಸಿಗಬೇಕಾದ ಸೇವೆ ತಡವಿಲ್ಲದೆ ಕೊಡಿಸುವ ಬಗ್ಗೆ.

ಮಾನ್ಯರೇ,

ನಾವು ಅಮೆರಿಕದ ಹೆನ್ನೆಪಿನ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು), ಮಿನಿಯಾಪೊಲಿಸ್ ನಗರದ ಸೀಡರ್-ರಿವರ್‌ಸೈಡ್ ಬಡಾವಣೆಯಲ್ಲಿ ಮತ್ತು ಅದರ ಸುತ್ತಮುತ್ತ ಇರುವವರು. ಸಹಿ ಹಾಕಿದವರಲ್ಲಿ ಹೆಚ್ಚಿನವರು ಸೊಮಾಲಿ ತಂದೆತಾಯಂದಿರು. ಅವರ ಜೊತೆಗೆ ಯೂನಿವರ್ಸಿಟಿ ಕೆಲಸಕ್ಕೆ ಅಂತ ಬಂದು ಇಲ್ಲೇ ಬಾಡಿಗೆಗೆ ಇರುವ ಕೆಲವು ಕನ್ನಡದ ಮನೆಯವರೂ ಇದ್ದೇವೆ. ಈ ಮನವಿ ಸೊಮಾಲಿಯಲ್ಲಿದೆ, ಇಂಗ್ಲಿಷಿನಲ್ಲಿದೆ. ಕನ್ನಡದ ಪ್ರತಿ ಬರೆದಿದ್ದು ನಮ್ಮವರೂ ಓದಿ, ತಿಳಿದುಕೊಂಡು ಸಹಿ ಹಾಕಲಿ ಅಂತ.

ನಮಗೆಲ್ಲ ಪರಿಚಯ ಆಗಿದ್ದು ಸ್ಪೀಚ್ ಥೆರಪಿಗೆ ಕಾಯುವ ಜಾಗದಲ್ಲಿ. ಅಲ್ಲಿ ಎರಡು ಮೂರು ವಾರ ಪಕ್ಕಪಕ್ಕ ಕೂತರೆ ಸಾಕು, ಯಾರ ಮನೆಯ ಕಷ್ಟವೂ ಗುಟ್ಟಾಗಿ ಉಳಿಯುವುದಿಲ್ಲ. ಒಬ್ಬ ಸೊಮಾಲಿ ತಾಯಿ ತನ್ನ ಮಗನ ಪರೀಕ್ಷೆಯ ವರದಿ ತೋರಿಸಿದರು. ಹುಡುಗನಿಗೆ ಆಗ ಮೂರೂವರೆ ವರ್ಷ. ವರದಿಯಲ್ಲಿ ‘ಮಗು ಯಾವ ಪದವನ್ನೂ ಬಳಸಲಿಲ್ಲ’ ಅಂತ ಬರೆದಿತ್ತು. ಆದರೆ ಅವನು ಅವತ್ತು ಎರಡು ಸಲ ‘ಬಿಯೊ’ ಅಂದಿದ್ದ. ಸೊಮಾಲಿಯಲ್ಲಿ ಬಿಯೊ ಅಂದರೆ ನೀರು. ಮಗುವಿಗೆ ಬಾಯಾರಿಕೆ ಆಗಿತ್ತು, ಕೇಳಿದ. ಕೋಣೆಯಲ್ಲಿ ಅದು ತಾಯಿಗೆ ಬಿಟ್ಟು ಯಾರಿಗೂ ಅರ್ಥ ಆಗಲಿಲ್ಲ. ತಾಯಿ ಬಾಯಿ ತೆರೆಯುವ ಹೊತ್ತಿಗೆ ಮುಂದಿನ ಪ್ರಶ್ನೆ ಶುರುವಾಗಿತ್ತು.

ಇದನ್ನು ಕೇಳಿ ನಮಗೆ ಕಣ್ಣು ತುಂಬಿತು. ಯಾಕೆಂದರೆ ನಮ್ಮಲ್ಲೇ ಒಬ್ಬರ ಮಗಳು ಇಂಥದ್ದೇ ಪರೀಕ್ಷೆಯಲ್ಲಿ ‘ಬೇಡ, ಬೇಡ’ ಅಂದಿದ್ದಳು. ಅದನ್ನು ಅರ್ಥವಿಲ್ಲದ ಸದ್ದು ಅಂತ ಬರೆದುಕೊಂಡರು. ಅವರು ರಜೆಗೆ ಊರಿಗೆ ಹೋದಾಗ ಮಗುವನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. ಅಲ್ಲಿ ಕನ್ನಡದಲ್ಲೇ ಮಾತಾಡಿಸಿದರು. ‘ನೀರು’, ‘ಬಾ’, ‘ಬೇಡ’ ಎಲ್ಲ ಲೆಕ್ಕಕ್ಕೆ ಬಂತು. ಆಟಿಸಂ ಇದೆ ಅನ್ನುವುದು ಬದಲಾಗಲಿಲ್ಲ. ಆದರೆ ಮಗುವಿಗೆ ಏನು ಬರುತ್ತದೆ, ಎಲ್ಲಿಂದ ಕಲಿಸಲು ಶುರುಮಾಡಬೇಕು ಅನ್ನುವುದು ಗೊತ್ತಾಯಿತು. ನಮಗೆ ಹೋಗಿಬರಲು ಊರೊಂದಿತ್ತು. 1991ರಲ್ಲಿ ಸರ್ಕಾರವೇ ಉರುಳಿ ಯುದ್ಧಕ್ಕೆ ಸಿಕ್ಕ ಸೊಮಾಲಿಯಾದಿಂದ ಓಡಿಬಂದವರಿಗೆ, ಅವರ ಮಕ್ಕಳಿಗೆ, ಆ ದಾರಿ ಎಲ್ಲಿದೆ? ಅವರಿಗೆ ಇದೇ ಊರು. ಹಾಗಾಗಿ ಅವರು ಕೇಳಬೇಕಾಗಿದ್ದು ನಿಮ್ಮನ್ನೇ.

ಕೇಳಿಲ್ಲ ಅಂತೇನೂ ಇಲ್ಲ. 2008ರಲ್ಲೇ ಈ ಊರಿನ ಸೊಮಾಲಿ ತಾಯಂದಿರು ಎದ್ದು ನಿಂತು ಕೇಳಿದರು: ಶಾಲೆಯ ಆಟಿಸಂ ತರಗತಿಗಳಲ್ಲಿ ಇಷ್ಟೊಂದು ನಮ್ಮ ಮಕ್ಕಳೇ ಯಾಕೆ ಇದ್ದಾರೆ? ರಾಜ್ಯದ ಆರೋಗ್ಯ ಇಲಾಖೆ ಲೆಕ್ಕ ಹಾಕಿ 2009ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಮಿನಿಯಾಪೊಲಿಸ್ ಶಾಲೆಗಳ ಆಟಿಸಂ ಕಾರ್ಯಕ್ರಮಕ್ಕೆ ಸೇರಿದ ಮೂರು ನಾಲ್ಕು ವರ್ಷದ ಮಕ್ಕಳಲ್ಲಿ ಸೊಮಾಲಿ ಮಕ್ಕಳ ಪ್ರಮಾಣ ಉಳಿದವರಿಗಿಂತ ಎರಡರಿಂದ ಏಳು ಪಟ್ಟು ಜಾಸ್ತಿ ಇತ್ತು. ತಾಯಂದಿರ ಕಣ್ಣು ಸುಳ್ಳು ಹೇಳಿರಲಿಲ್ಲ. ಆದರೆ ಆ ವರದಿ ಎಣಿಸಿದ್ದು ಕಾರ್ಯಕ್ರಮಕ್ಕೆ ಸೇರಿದವರನ್ನು ಮಾತ್ರ. ನಿಜವಾಗಿ ಎಷ್ಟು ಮಕ್ಕಳಿಗೆ ಆಟಿಸಂ ಇದೆ ಅನ್ನುವುದನ್ನು ಅದು ಹೇಳಲಿಲ್ಲ.

ಅದಕ್ಕೆ ಉತ್ತರ ಬರಲು 2013ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಮಿನ್ನೆಸೋಟ ಯೂನಿವರ್ಸಿಟಿಯ ತಂಡ 2010ರಲ್ಲಿ ಏಳರಿಂದ ಒಂಬತ್ತು ವರ್ಷದವರಾಗಿದ್ದ ಮಕ್ಕಳ ದಾಖಲೆಗಳನ್ನು ನೋಡಿತು. ಸೊಮಾಲಿ ಮಕ್ಕಳಲ್ಲಿ 32ಕ್ಕೆ ಒಬ್ಬರು, ಬಿಳಿಯ ಮಕ್ಕಳಲ್ಲಿ 36ಕ್ಕೆ ಒಬ್ಬರು. ಎರಡೂ ಹೆಚ್ಚುಕಮ್ಮಿ ಒಂದೇ ಅಂದರು. ಪತ್ರಿಕೆಗಳಲ್ಲಿ ಇದೇ ಮಾತು ದೊಡ್ಡದಾಗಿ ಬಂತು. ಅದೇ ವರದಿಯಲ್ಲಿ ಇನ್ನೂ ಎರಡು ವಿಷಯ ಇದ್ದವು. ಆಟಿಸಂ ಇರುವ ಸೊಮಾಲಿ ಮಕ್ಕಳಲ್ಲಿ ಅದರ ಜೊತೆಗೆ ಬುದ್ಧಿ ಬೆಳವಣಿಗೆಯ ತೊಂದರೆಯೂ ಇರುವುದು ಬೇರೆ ಮಕ್ಕಳಿಗಿಂತ ಜಾಸ್ತಿ. ಮತ್ತು ಈ ಊರಿನಲ್ಲಿ ಯಾವ ಮನೆಯ ಮಗುವೇ ಆಗಲಿ, ಆಟಿಸಂ ಅಂತ ಮೊದಲು ಗೊತ್ತಾಗುವುದು ಸುಮಾರು ಐದನೇ ವಯಸ್ಸಿಗೆ.

ನಾವು ಇವತ್ತು ಕೇಳುತ್ತಿರುವುದು ಈ ಐದು ವರ್ಷದ ಬಗ್ಗೆ. ಎರಡು ವರ್ಷದ ಹೊತ್ತಿಗೇ ಗುರುತಿಸಲು ಆಗುತ್ತದೆ ಅಂತ ವೈದ್ಯರೇ ಹೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 18 ಮತ್ತು 24ನೇ ತಿಂಗಳಲ್ಲಿ ಎಲ್ಲ ಮಕ್ಕಳಿಗೂ ಆಟಿಸಂ ಪ್ರಶ್ನಾವಳಿ ಮಾಡಿ ಅಂತ ಹೇಳಿ ಎಷ್ಟೋ ವರ್ಷ ಆಯಿತು. ಎರಡಕ್ಕೂ ಐದಕ್ಕೂ ನಡುವೆ ಮೂರು ವರ್ಷ. ಮೆದುಳು ಬೇಗ ಬೇಗ ಕಲಿಯುವ ವರ್ಷಗಳು ಅವೇ. ಬುದ್ಧಿ ಬೆಳವಣಿಗೆಯ ತೊಂದರೆಯೂ ಇರುವ ಮಗುವಿಗೆ ಆ ಮೂರು ವರ್ಷ ಇನ್ನೂ ಬೆಲೆಯುಳ್ಳದ್ದು, ಅಲ್ವಾ?

ಹಾಗಾದರೆ ತಡ ಯಾಕೆ ಆಗುತ್ತದೆ? ಒಂದು ಕಾರಣ ನಮ್ಮ ಮನೆಗಳಲ್ಲೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಸೊಮಾಲಿಯಲ್ಲಿ ಆಟಿಸಂಗೆ ಹಳೆಯ ಪದವೇ ಇರಲಿಲ್ಲ. ಈಚೆಗೆ ‘ಮಾನ್‌ಗಾರ್’ ಅನ್ನುವ ಪದ ಬಳಕೆಗೆ ಬಂದಿದೆ, ಬೇರೆಯದೇ ಆದ ಮನಸ್ಸು ಅನ್ನುವ ಅರ್ಥ. ಅದಕ್ಕೂ ಮುಂಚೆ ಇದ್ದದ್ದು ಹುಚ್ಚು ಅನ್ನುವ ಅರ್ಥದ ಪದ. ಯಾವ ತಾಯಿ ತನ್ನ ಮಗುವಿಗೆ ಆ ಪದ ಅಂಟಿಸಿಕೊಳ್ಳಲು ಒಪ್ಪುತ್ತಾಳೆ? ನಮ್ಮ ಕಥೆ ಬೇರೆ ಏನಲ್ಲ. ಕನ್ನಡದಲ್ಲಿ ಸ್ವಲೀನತೆ ಅನ್ನುವ ಪದ ಇದೆ, ಅದು ಪೇಪರಿನಲ್ಲಿದೆ, ಅಡುಗೆಮನೆಯಲ್ಲಿಲ್ಲ. ‘ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು, ಸುಮ್ನೆ ಗಾಬರಿ ಆಗಬೇಡ’ ಅನ್ನುತ್ತಾರೆ ಅಜ್ಜಿ. ಪ್ರೀತಿಯಿಂದಲೇ ಹೇಳುತ್ತಾರೆ. ಒಂದು ವರ್ಷ ಹಾಗೇ ಹೋಗುತ್ತದೆ.

ಉಳಿದ ತಡ ಮಾತ್ರ ನಮ್ಮದಲ್ಲ. ಇಲ್ಲಿ ಎರಡು ಬಾಗಿಲುಗಳಿವೆ. ಒಂದು ಶಾಲೆಯದು. ಮೂರು ವರ್ಷದೊಳಗಿನ ಮಗುವಿನ ಬಗ್ಗೆ ಯಾರಾದರೂ ತಿಳಿಸಿದರೆ 45 ದಿನದೊಳಗೆ ಪರೀಕ್ಷೆ ಮಾಡಿ ಯೋಜನೆ ಮಾಡಬೇಕು ಅಂತ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿದೆ. ಇನ್ನೊಂದು ಬಾಗಿಲು ಆಸ್ಪತ್ರೆಯದು. ಕಡಿಮೆ ಆದಾಯದವರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕಲ್ ಅಸಿಸ್ಟೆನ್ಸ್‌ನಿಂದ ಆಟಿಸಂ ಥೆರಪಿ ಸಿಗಬೇಕಾದರೆ ವೈದ್ಯಕೀಯ ಪರೀಕ್ಷೆಯ ಕಾಗದ ಬೇಕು, ಶಾಲೆಯ ಕಾಗದ ಸಾಲದು. ಇದು ಎಷ್ಟೋ ತಂದೆತಾಯಂದಿರಿಗೆ ಗೊತ್ತೇ ಇಲ್ಲ. ಶಾಲೆಯಲ್ಲಿ ‘ಆಟಿಸಂ ಇದೆ’ ಅಂದ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ತಿಂಗಳುಗಳಾದ ಮೇಲೆ ಯಾರೋ ಹೇಳಿದಾಗ ಎರಡನೇ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾರೆ. ಟ್ಯಾಕ್ಸಿ ಓಡಿಸುವ, ರಾತ್ರಿ ಪಾಳಿಯಲ್ಲಿ ದುಡಿಯುವ ಅಪ್ಪ ಅಮ್ಮ ಹಗಲು ಹೊತ್ತು ಫೋನ್ ಹಿಡಿದು ಕಾಯಲು ಆಗುವುದಿಲ್ಲ. ಒಂದು ಕರೆ ತಪ್ಪಿದರೆ ಹೆಸರು ಪಟ್ಟಿಯಿಂದಲೇ ಹೋಗಿರುತ್ತದೆ. ನಮ್ಮಲ್ಲಿ ಇಬ್ಬರಿಗೆ ಹಾಗೆ ಆಗಿದೆ.

ಉತ್ತರ ಕೊಡಬೇಕಾದವರು ಸುಮ್ಮನಿದ್ದರೆ ಬೇರೆಯವರು ಬಂದು ಉತ್ತರ ಕೊಡುತ್ತಾರೆ. ಇಲ್ಲಿ ಆಗಿದ್ದು ಅದೇ. ‘ನಮ್ಮ ಮಕ್ಕಳಿಗೇ ಯಾಕೆ’ ಅಂತ ತಾಯಂದಿರು ಕೇಳುತ್ತಿದ್ದಾಗ, ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯಿಂದಲೇ ಆಟಿಸಂ ಬರುತ್ತದೆ ಅಂತ ಹೇಳುವವರು ಈ ಬಡಾವಣೆಗೆ ಬಂದರು. ಆ ಮಾತು ಹುಟ್ಟಿಸಿದ, ಬ್ರಿಟನ್ನಿನಲ್ಲಿ ವೈದ್ಯರಾಗಿದ್ದ ಆಂಡ್ರ್ಯೂ ವೇಕ್‌ಫೀಲ್ಡ್ ಖುದ್ದಾಗಿ ಬಂದು ಇಲ್ಲಿನ ತಂದೆತಾಯಂದಿರನ್ನು ಭೇಟಿಯಾದರು. ಅವರ 1998ರ ಲೇಖನವನ್ನು ಅದನ್ನು ಅಚ್ಚು ಹಾಕಿದ್ದ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ತೆಗೆದುಕೊಂಡಿತ್ತು. ಅದನ್ನು ಸೊಮಾಲಿಯಲ್ಲಿ, ಮನೆ ಮನೆಗೆ ಬಂದು ಹೇಳುವವರು ಆಗ ಸಾಕಷ್ಟು ಇರಲಿಲ್ಲ. 2004ರಲ್ಲಿ ಮಿನ್ನೆಸೋಟದ ಎರಡು ವರ್ಷದ ಸೊಮಾಲಿ ಮಕ್ಕಳಲ್ಲಿ ನೂರಕ್ಕೆ 92 ಮಕ್ಕಳಿಗೆ ಈ ಲಸಿಕೆ ಆಗಿತ್ತು. 2014ಕ್ಕೆ ಅದು 42ಕ್ಕೆ ಇಳಿಯಿತು. 2011ರಲ್ಲಿ ದಡಾರ ಬಂತು. 2017ರಲ್ಲಿ ಮತ್ತೆ ಬಂತು. ಆ ಸಲ ರಾಜ್ಯದಲ್ಲಿ 75 ಜನರಿಗೆ ಹರಡಿತು, ಬಹುಪಾಲು ಸೊಮಾಲಿ ಮಕ್ಕಳೇ.

ಲಸಿಕೆಗೂ ಆಟಿಸಂಗೂ ಸಂಬಂಧ ಇಲ್ಲ. ಇದನ್ನು ನಾವು ತಂದೆತಾಯಂದಿರಾಗಿ ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇವೆ. ನಮ್ಮ ಚಿಕ್ಕ ಮಕ್ಕಳಿಗೆ ಲಸಿಕೆ ಹಾಕಿಸಿದ್ದೇವೆ. ಆದರೆ ಹೆದರಿದ ತಾಯಂದಿರನ್ನು ಬೈದು ಪ್ರಯೋಜನವಿಲ್ಲ. ದಡಾರ ಬಂದಾಗ ಕೌಂಟಿಯ ಜನ, ಇಮಾಮರು, ಸೊಮಾಲಿ ಮಾತಾಡುವ ಆರೋಗ್ಯ ಕಾರ್ಯಕರ್ತರು ಒಟ್ಟಿಗೆ ಬಾಗಿಲು ತಟ್ಟಿದರು. ಆಗ ಆಗಿದ್ದು ಈಗ ಯಾಕೆ ಆಗಬಾರದು? ದಡಾರಕ್ಕೆ ಬಂದವರು ಆಟಿಸಂಗೂ ಬನ್ನಿ ಅಂತಲೇ ನಾವು ಕೇಳುತ್ತಿರುವುದು.

ಮುಖ್ಯವಾಗಿ ಬೇಕಾಗಿರುವುದು ಜನ. ಸೊಮಾಲಿ ಮಾತಾಡುವ, ಮಕ್ಕಳ ಬೆಳವಣಿಗೆಯ ಬಗ್ಗೆ ತರಬೇತಿ ಪಡೆದ ಕಾರ್ಯಕರ್ತರನ್ನು ಕೌಂಟಿ ಕಾಯಂ ಆಗಿ ನೇಮಿಸಲಿ. ಒಂದು ವರ್ಷದ ಅನುದಾನ ಮುಗಿದ ಕೂಡಲೇ ಹೋಗಿಬಿಡುವ ಕೆಲಸ ಆಗಬಾರದು, ನಂಬಿಕೆ ಬೆಳೆಯಲೇ ಒಂದು ವರ್ಷ ಬೇಕು. ಮಗುವಿಗೆ 18 ತಿಂಗಳಾದಾಗ ಆ ಕಾರ್ಯಕರ್ತೆ ಮನೆಗೆ ಬರಲಿ, ಇಲ್ಲವೇ ಮಸೀದಿಯಲ್ಲೋ ಲೈಬ್ರರಿಯಲ್ಲೋ ಕೂರಲಿ. ಪ್ರಶ್ನಾವಳಿಯನ್ನು ತಾಯಿಯ ಭಾಷೆಯಲ್ಲಿ ಬಾಯಿಮಾತಿನಲ್ಲಿ ಕೇಳಲಿ. ಎಷ್ಟೋ ತಾಯಂದಿರಿಗೆ ಸೊಮಾಲಿ ಮಾತು ಬರುತ್ತದೆ, ಓದಲು ಬರುವುದಿಲ್ಲ, ಅನುವಾದ ಮಾಡಿದ ಹಾಳೆ ಅವರ ಕೈಗೆ ಕೊಟ್ಟು ಫಲವಿಲ್ಲ. ಸಂಶಯ ಬಂದರೆ ಶಾಲೆಗೂ ಆಸ್ಪತ್ರೆಗೂ ಅವತ್ತೇ ಎರಡೂ ಕಡೆ ಅರ್ಜಿ ಹಾಕಿಸಲಿ. ಪಟ್ಟಿಯಲ್ಲಿ ಹೆಸರು ಎಲ್ಲಿದೆ ಅಂತ ನೋಡುತ್ತಿರಲಿ. ಪರೀಕ್ಷೆಯ ದಿನ ಜೊತೆಗೆ ಹೋಗಿ ಕೂರಲಿ. ‘ಬಿಯೊ’ ಅಂದರೆ ನೀರು ಅಂತ ಹೇಳಲು ಒಬ್ಬರು ಆ ಕೋಣೆಯಲ್ಲಿ ಇರಬೇಕು.

ಎಣಿಕೆಯೂ ಮುಂದುವರಿಯಲಿ. 2022ರ ಲೆಕ್ಕದ ಪ್ರಕಾರ ದೇಶದ 16 ಕಡೆಗಳಲ್ಲಿ ಎಂಟು ವರ್ಷದ ಮಕ್ಕಳಲ್ಲಿ 31ಕ್ಕೆ ಒಬ್ಬರಿಗೆ ಆಟಿಸಂ ಇದೆ. ಮಿನ್ನೆಸೋಟವೂ ಆ ಲೆಕ್ಕದಲ್ಲಿ ಇದೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲೂ ಸೊಮಾಲಿ ತಂದೆತಾಯಂದಿರು ಇದೇ ಪ್ರಶ್ನೆ ಕೇಳಿದ್ದರು. ಅಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೊಮಾಲಿ ಮಕ್ಕಳಲ್ಲಿ ಆಟಿಸಂ ಮೂರು ನಾಲ್ಕು ಪಟ್ಟು ಜಾಸ್ತಿ ಕಂಡಿತ್ತು. ಹಾಗಾಗಿ ‘ಯಾಕೆ’ ಅನ್ನುವ ಪ್ರಶ್ನೆ ಮುಗಿದಿಲ್ಲ. ಹೊಸ ಲೆಕ್ಕ ಬಂದಾಗ ಪತ್ರಿಕಾಗೋಷ್ಠಿಗಿಂತ ಮುಂಚೆ ತಂದೆತಾಯಂದಿರನ್ನು ಕರೆದು, ಅವರ ಭಾಷೆಯಲ್ಲಿ ಹೇಳಿ. ತಮ್ಮ ಮಕ್ಕಳ ಸುದ್ದಿಯನ್ನು ಟಿವಿಯಲ್ಲಿ ನೋಡಿ ತಿಳಿಯುವುದು ನೋವಿನ ವಿಷಯ.

ಇನ್ನೊಂದು ಮಾತು ಸುರಕ್ಷತೆಯದು, ಇದು ನಮ್ಮ ನಿದ್ದೆ ಕೆಡಿಸುವ ವಿಷಯ. ಇಲ್ಲಿನ ಎತ್ತರದ ಕಟ್ಟಡಕ್ಕೆ 39 ಮಹಡಿ. ನಡೆದುಹೋಗುವ ದೂರದಲ್ಲಿ ಮಿಸಿಸಿಪ್ಪಿ ನದಿ. ಪಕ್ಕದಲ್ಲೇ ರೈಲು ಹಳಿ. ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಒಮ್ಮೆಯಾದರೂ ಮನೆಯಿಂದ ಹೊರಗೆ ಓಡಲು ನೋಡುತ್ತಾರೆ ಅಂತ 2012ರ ಒಂದು ಅಧ್ಯಯನ ಹೇಳಿದೆ. ನೀರು ಕಂಡರೆ ಅವರಲ್ಲಿ ಎಷ್ಟೋ ಮಕ್ಕಳಿಗೆ ಏನೋ ಸೆಳೆತ. ಕಿಟಕಿಗಳಿಗೆ ಗಟ್ಟಿ ತಡೆ, ಬಾಗಿಲು ತೆರೆದರೆ ಸದ್ದು ಮಾಡುವ ಗಂಟೆ, ಪಾರ್ಕ್ ಮಂಡಳಿಯಿಂದ ಈ ಮಕ್ಕಳಿಗೆಂದೇ ಈಜು ಕಲಿಸುವ ವ್ಯವಸ್ಥೆ ಬೇಕು. ಹೆಸರು ಕರೆದರೆ ಓಗೊಡದ, ಕೈ ಬೀಸುತ್ತಾ ಓಡುವ ಹದಿನೈದು ವರ್ಷದ ಕಪ್ಪು ಹುಡುಗನನ್ನು ಪೊಲೀಸರು ಹೇಗೆ ನೋಡುತ್ತಾರೆ ಅನ್ನುವ ಭಯ ಆ ತಾಯಂದಿರಿಗೆ ಎಷ್ಟಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪೊಲೀಸರಿಗೂ ಅಗ್ನಿಶಾಮಕ ದಳದವರಿಗೂ ತರಬೇತಿ ಕೊಡುವಾಗ ಈ ಮಕ್ಕಳ ತಂದೆತಾಯಂದಿರನ್ನೂ ಕರೆಯಿರಿ.

ಕೊನೆಯದಾಗಿ ಹಣದ ವಿಷಯ. ಆಟಿಸಂ ಥೆರಪಿಯ ಹೆಸರಿನಲ್ಲಿ ಸುಳ್ಳು ಬಿಲ್ ಮಾಡಿದವರ ಮೇಲೆ 2025ರಲ್ಲಿ ಫೆಡರಲ್ ಕೇಸುಗಳು ಶುರುವಾಗಿವೆ. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲಿ. ಅವರು ಕದ್ದಿದ್ದು ನಮ್ಮ ಮಕ್ಕಳ ಹಣ. ಆದರೆ ಆ ಸುದ್ದಿ ಬಂದಾಗಿನಿಂದ ಸೊಮಾಲಿ ತಾಯಿ ತನ್ನ ಮಗುವಿಗೆ ಆಟಿಸಂ ಇದೆ ಅಂದರೆ ಜನ ಸಂಶಯದಿಂದ ನೋಡುತ್ತಾರೆ. ಒಂದು ಸೆಂಟರ್ ಮುಚ್ಚಿದರೆ ಅಲ್ಲಿ ಬರುತ್ತಿದ್ದ ಮಗು ಮರುದಿನ ಎಲ್ಲಿಗೆ ಹೋಗಬೇಕು? ದಿನಚರಿ ಸ್ವಲ್ಪ ತಪ್ಪಿದರೂ ಈ ಮಕ್ಕಳಲ್ಲಿ ಕೆಲವರು ಊಟ ನಿದ್ದೆ ಬಿಟ್ಟುಬಿಡುತ್ತಾರೆ, ಕಲಿತ ಮಾತು ಮರೆಯುತ್ತಾರೆ. ತನಿಖೆ ನಡೆಯುವಾಗಲೂ ಪ್ರತಿ ಮಗುವಿಗೆ ಬದಲಿ ಜಾಗ ಹುಡುಕಿಕೊಡುವ ಹೊಣೆಯನ್ನು ಕೌಂಟಿ ಹೊರಬೇಕು.

ಈ ಬಗ್ಗೆ ತಮ್ಮ ಜೊತೆ ಎದುರಿಗೆ ಕೂತು ಮಾತಾಡಲು ಒಂದು ಸಭೆ ಕರೆಯಬೇಕೆಂದು ಕೇಳಿಕೊಳ್ಳುತ್ತೇವೆ. ಸಭೆ ನಮ್ಮ ಬಡಾವಣೆಯಲ್ಲೇ ಆದರೆ ಒಳ್ಳೆಯದು. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು, ಅದು ಬೇಡ. ಸೊಮಾಲಿ ದುಭಾಷಿ ಇರಲಿ. ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು, ಇಂಥ ಮಕ್ಕಳ ಜೊತೆ ಇದ್ದು ಅಭ್ಯಾಸವಿರುವ ಇಬ್ಬರು ಮೂವರು ಬೇಕು. ಅವರಿಲ್ಲದಿದ್ದರೆ ಅಪ್ಪಂದಿರು ಮಾತ್ರ ಬರುತ್ತಾರೆ, ಎಲ್ಲ ಗೊತ್ತಿರುವ ತಾಯಂದಿರು ಮನೆಯಲ್ಲೇ ಉಳಿಯುತ್ತಾರೆ.

ಇಂತಿ,
ತಮ್ಮ ವಿಶ್ವಾಸಿಗಳು,
ಸೀಡರ್-ರಿವರ್‌ಸೈಡ್ ಮತ್ತು ಸುತ್ತಲಿನ ಬಡಾವಣೆಗಳ ಸೊಮಾಲಿ ಹಾಗೂ ಕನ್ನಡ ತಂದೆತಾಯಂದಿರು
(ಸಹಿಗಳ ಹಾಳೆಗಳನ್ನು ಜೊತೆಗೆ ಲಗತ್ತಿಸಿದೆ)