ಹತ್ತೊಂಬತ್ತನೇ ಗೇಟು ಕಿತ್ತು ಹೋಗಿರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು ಕೊಪ್ಪಳದ ಭಾಗ್ಯನಗರದವಳು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಏಳನೇ ತರಗತಿಯಲ್ಲಿ ಓದುವ ನನ್ನ ಮಗಳಿಗೆ ಶಾಲೆಯಲ್ಲಿ ‘ನಮ್ಮ ಜಿಲ್ಲೆ’ ಅಂತ ಸ್ಕ್ರ್ಯಾಪ್‌ಬುಕ್ ಮಾಡಿಕೊಂಡು ಬರಲು ಹೇಳಿದ್ದರು. ಹದಿನೈದು ದಿನ ಕೂತು ಮಾಡಿದಳು. ಒಪ್ಪಿಸಿ ಬಂದ ದಿನ ಪುಸ್ತಕವನ್ನು ಹೊಲಿಗೆ ಮಷಿನ್ ಮೇಲೆ ಇಟ್ಟು ಊಟವನ್ನೂ ಮಾಡದೆ ಮಲಗಿಬಿಟ್ಟಳು. ಸಂಜೆ ಹೇಳಿದಳು, "ಅವ್ವಾ, ಒಂದು ಗೇಟ್ ಕಿತ್ತು ಹೋಗೇತಿ, ನೀಟಾಗಿ ಅಂಟಿಸಿಲ್ಲ ಅಂತ ಟೀಚರ್ ಅಂದ್ರು."

ಆ ಪುಟದಲ್ಲಿ ಏನಿತ್ತು ಅಂತ ಹೇಳಿದರೆ ನಿಮಗೂ ಅರ್ಥವಾಗುತ್ತದೆ.

ಅದು ಟಿ.ಬಿ. ಡ್ಯಾಮ್, ಅಂದರೆ ತುಂಗಭದ್ರಾ ಅಣೆಕಟ್ಟಿನ ಪುಟ. ಮೇಲೆ ನಮ್ಮ ಅತ್ತೆ ಹೊಸದಾಗಿ ಮದುವೆಯಾದಾಗ ಡ್ಯಾಮ್ ನೋಡಲು ಹೋಗಿ ತೆಗೆಸಿಕೊಂಡ ಕಪ್ಪು ಬಿಳುಪು ಫೋಟೊ. ಕೆಳಗೆ ನೀಲಿ ಬಣ್ಣದ ಹಳೇ ಲಗ್ನಪತ್ರಿಕೆಯಿಂದ ಕತ್ತರಿಸಿದ ಪುಟ್ಟ ಪಟ್ಟಿಗಳು, ಸಾಲಾಗಿ. ಡ್ಯಾಮಿಗೆ 33 ಗೇಟುಗಳು, ಅದಕ್ಕೆ 33 ಜಾಗ. ಸ್ಕೇಲ್ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಒಂದೊಂದನ್ನೂ ಎಣಿಸಿ ಅಂಟಿಸಿದ್ದಳು. ಹತ್ತೊಂಬತ್ತನೆಯದನ್ನು ಮಾತ್ರ ಬೇಕಂತಲೇ ಖಾಲಿ ಬಿಟ್ಟಿದ್ದಳು. 2024ರ ಆಗಸ್ಟ್ 10ರ ರಾತ್ರಿ ಚೈನ್ ಕಡಿದು 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ನನ್ನ ತವರಿನವರು ಕಾರಟಗಿ ಕಡೆ ಭತ್ತ ಬೆಳೆಯುವವರು. ಕಾಲುವೆಗೆ ನೀರು ಇರುತ್ತದೋ ಇಲ್ಲವೋ ಅಂತ ಅಣ್ಣ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದ. ಮಗಳು ಅದನ್ನೆಲ್ಲ ಕೇಳಿಸಿಕೊಂಡಿದ್ದಳು. ಆ ಖಾಲಿ ಜಾಗದ ಕೆಳಗೆ ಪತ್ರಿಕೆಯ ತುಣುಕು ಅಂಟಿಸಿ, "ಈ ಗೇಟು ಹೋದಾಗ ಮಾಮಾ ರಾತ್ರಿ ಎಲ್ಲ ಎಚ್ಚರ ಇದ್ದ" ಎಂದು ಬರೆದಿದ್ದಳು.

ಆ ಒಂದು ಸಾಲು ಓದಿದ್ದರೆ ಸಾಕಿತ್ತು. ಟೀಚರ್‌ಗೆ ಅಷ್ಟು ಪುಸ್ತಕ ನೋಡುವ ಹೊತ್ತಿಗೆ ಸುಸ್ತಾಗಿರುತ್ತದೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಜಾಸ್ತಿ ಅಂಕ ಸಿಕ್ಕಿದ್ದು ಯಾವುದಕ್ಕೆ ಅಂದರೆ, ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸಿದ ಪುಸ್ತಕಗಳಿಗೆ. ನೆಟ್‌ನಿಂದ ತೆಗೆದ ಕಲರ್ ಪ್ರಿಂಟು, ಥರ್ಮಾಕೋಲ್ ಅಕ್ಷರ, ಸುತ್ತ ಗ್ಲಿಟರ್ ಬಾರ್ಡರು. ಮೂರು ಮಕ್ಕಳ ಪುಸ್ತಕದಲ್ಲಿ ಒಂದೇ ಪುಟ, ಒಂದೇ ಫೋಟೊ. ಅಂಗಡಿಯವರು ಹೊಟ್ಟೆಪಾಡಿಗೆ ಮಾಡುತ್ತಾರೆ, ಮಾಡಲಿ. ಶಾಲೆ ಅದಕ್ಕೆ ಅಂಕ ಕೊಡಬಾರದು. ಕೈಯಿಂದ ಮಾಡಿದ ಕೆಲಸ ಸ್ವಲ್ಪ ಡೊಂಕಾಗಿಯೇ ಇರುತ್ತದೆ. ಪುಸ್ತಕ ತೆಗೆದುಕೊಂಡಾಗ "ಇದನ್ನ ಹೆಂಗ ಮಾಡಿದಿ?" ಅಂತ ಮಗುವನ್ನು ಒಂದು ಮಾತು ಕೇಳಿ ಆಮೇಲೆ ಅಂಕ ಹಾಕಲಿ. ನಾನು ಕೇಳುವುದು ಇಷ್ಟೇ.

ಈ ಪುಸ್ತಕದ ನೆಪದಲ್ಲಿ ನಾವಿಬ್ಬರೂ ಕಲಿತದ್ದು ಬಹಳ. ಬೇರೆ ತಾಯಂದಿರಿಗೂ ಉಪಯೋಗ ಆಗಲಿ ಅಂತ ಬರೆಯುತ್ತೇನೆ, ದಯವಿಟ್ಟು ಕತ್ತರಿಸಬೇಡಿ.

ಅತ್ತೆಯ ಕಪ್ಪು ಹಾಳೆಯ ಹಳೇ ಆಲ್ಬಂ ಇವತ್ತಿಗೂ ಚೆನ್ನಾಗಿದೆ. ಅದರಲ್ಲಿ ಫೋಟೊಗೆ ಅಂಟೇ ಇಲ್ಲ, ನಾಲ್ಕು ಮೂಲೆಗೆ ಕಾಗದದ ತ್ರಿಕೋನ, ನಡುವೆ ತೆಳು ಬಟರ್ ಪೇಪರ್. ಆಮೇಲೆ ಬಂದ ಅಂಟು ಹಾಳೆಯ ಆಲ್ಬಂ ಇದೆಯಲ್ಲ, ಮೇಲೆ ಪ್ಲಾಸ್ಟಿಕ್ ಹಾಳೆ ಎತ್ತಿ ಫೋಟೊ ಇಟ್ಟು ಒತ್ತುವಂಥದ್ದು, ನನ್ನ ಮದುವೆಯ ಫೋಟೊಗಳೆಲ್ಲ ಅದರಲ್ಲೇ ಇವೆ. ಒಂದನ್ನು ಕೀಳಲು ಹೋದೆ. ಫೋಟೊದ ಹಿಂಭಾಗ ಅರ್ಧ ಅಲ್ಲೇ ಕೂತಿತು, ನನ್ನ ಅಪ್ಪನ ಮುಖದ ಮೇಲೆ ಉದ್ದಕ್ಕೆ ಸೀಳು ಬಿತ್ತು. ಅಪ್ಪ ಈಗಿಲ್ಲ. ಆ ಫೋಟೊಗೆ ಬೇರೆ ಪ್ರತಿಯೂ ಇಲ್ಲ. ಅದಕ್ಕೇ ಹೇಳುತ್ತೇನೆ, ಇಂಥ ಆಲ್ಬಂ ಮುಟ್ಟುವ ಮೊದಲು ಪ್ರತಿ ಪುಟವನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಗಟ್ಟಿ ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಫೋಟೊ ಅಡಿಗೆ ನಿಧಾನಕ್ಕೆ ಗರಗಸದ ಹಾಗೆ ಎಳೆಯಿರಿ. ಉಳಿದ ಫೋಟೊಗಳನ್ನು ಹಾಗೇ ಬಿಡಿಸಿದೆವು. ಬರದೇ ಇದ್ದವನ್ನು ಹಾಳೆಯ ಸಮೇತ ಬಿಟ್ಟೆವು, ಒತ್ತಾಯ ಮಾಡಲಿಲ್ಲ.

ಕಾಗದದ ಮೂಲೆ ಮನೆಯಲ್ಲೇ ಮಾಡಬಹುದು. 2 ಸೆಂ.ಮೀ. ಅಗಲ, 4 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ. ಉದ್ದದ ಅಂಚಿನ ನಡುವಿನಿಂದ ಎರಡೂ ತುದಿಯನ್ನು ಕೆಳಗೆ ಮಡಚಿ, ಮಕ್ಕಳು ರಾಕೆಟ್ ಮಾಡುವಾಗ ಮೂತಿ ಮಡಚುತ್ತಾರಲ್ಲ, ಹಾಗೆ. ತ್ರಿಕೋನ ಆಗುತ್ತದೆ, ಅದಕ್ಕೊಂದು ಜೇಬೂ ಬರುತ್ತದೆ. ಫೋಟೊದ ಮೂಲೆಯನ್ನು ಆ ಜೇಬಿಗೆ ತೂರಿಸಿ ತ್ರಿಕೋನದ ಬೆನ್ನಿಗೆ ಮಾತ್ರ ಗಮ್ ಹಚ್ಚಿ. ಫೋಟೊಗೆ ಒಂದು ಹನಿಯೂ ತಾಕುವುದಿಲ್ಲ, ಬೇಕಾದಾಗ ತೆಗೆಯಬಹುದು.

ಇನ್ನು ನಿಮ್ಮ ಪತ್ರಿಕೆಯ ವಿಷಯ. ಬೇಜಾರಾಗಬೇಡಿ. ಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಅನ್ನೋ ಅಂಶ ಉಳಿದಿರುತ್ತದೆ, ಬೆಳಕು ಗಾಳಿ ತಾಗಿದರೆ ಅದು ಹಳದಿ ಆಗುತ್ತದೆ, ಪಕ್ಕದ ಫೋಟೊಗೂ ಕಲೆ ಹತ್ತಿಸುತ್ತದೆ. ಹಾಗಾಗಿ ಸುದ್ದಿಯ ತುಣುಕನ್ನು ಒಳ್ಳೆ ಬಿಳಿ ಹಾಳೆ ಮೇಲೆ ಝೆರಾಕ್ಸ್ ಮಾಡಿಸಿ ಅಂಟಿಸಿ, ಮೂಲ ತುಣುಕನ್ನು ಬೇರೆ ಲಕೋಟೆಯಲ್ಲಿಡಿ. ಬಸ್ ಟಿಕೆಟ್ ಕೂಡ ಹಾಗೇ. ಡ್ಯಾಮಿಗೆ ಹೋಗಿ ಬಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇಟ್ಟುಕೊಂಡಿದ್ದೆವು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಕ್ಷರವೇ ಮಾಯ. ಅದು ಬಿಸಿಗೆ ಕಪ್ಪಾಗುವ ಕಾಗದ, ಇಂಕೇ ಇರುವುದಿಲ್ಲ, ಮಾಸಿ ಹೋಗುತ್ತದೆ. ಸೆಲ್ಲೋ ಟೇಪ್ ಅಂತೂ ಬೇಡವೇ ಬೇಡ. ಕೆಲವು ವರ್ಷಕ್ಕೆ ಪ್ಲಾಸ್ಟಿಕ್ ಉದುರಿ ಕಂದು ಅಂಟು ಮಾತ್ರ ಉಳಿಯುತ್ತದೆ.

ಹಾಳೆ ಕೊಳ್ಳುವಾಗ ಜಿಎಸ್‌ಎಂ ಎಷ್ಟು ಅಂತ ಕೇಳಿ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನೋ ಲೆಕ್ಕ ಅದು. ಝೆರಾಕ್ಸ್ ಹಾಳೆ ಸಾಮಾನ್ಯವಾಗಿ 70, 75 ಇರುತ್ತದೆ, ಪುಟಕ್ಕೆ ತಡೆಯುವುದಿಲ್ಲ. 200ರ ಮೇಲಿನದು ಬೇಕು, ಆಸಿಡ್ ಫ್ರೀ ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು. ಬಟ್ಟೆಗೆ ಇರುವ ಹಾಗೆ ಕಾಗದಕ್ಕೂ ಎಳೆ ಇದೆ, ಇದು ನನಗೆ ಹೊಲಿಗೆಯಿಂದ ಬೇಗ ಹೊಳೆಯಿತು. ನಿಮ್ಮ ಪತ್ರಿಕೆಯನ್ನೇ ಹರಿದು ನೋಡಿ, ಮೇಲಿಂದ ಕೆಳಕ್ಕೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಎಲ್ಲೆಲ್ಲೋ ಹೋಗುತ್ತದೆ. ಎಳೆ ಇದ್ದ ಕಡೆಗೇ ಮಡಚಿದರೆ ಮಡಿಕೆ ಬಿರಿಯುವುದಿಲ್ಲ. ಗಮ್ ತೆಳುವಾಗಿ ಹಚ್ಚಿ, ಮೇಲೆ ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ. ನಮ್ಮೂರ ಬಿಸಿಲಿಗೆ ಒಣಗಲು ಇಟ್ಟರೆ ಹಪ್ಪಳದ ಹಾಗೆ ಮುದುಡಿಕೊಳ್ಳುತ್ತದೆ, ನಮ್ಮ ಮೊದಲ ಎರಡು ಪುಟ ಹೀಗೇ ಹಾಳಾದವು.

ಸಾಮಾನಿಗೆ ಖರ್ಚು ಜಾಸ್ತಿ ಇಲ್ಲ. ಮದುವೆ ಸೀಸನ್‌ನಲ್ಲಿ ಬರುವ ಲಗ್ನಪತ್ರಿಕೆಗಳೇ ಸಾಕು, ದಪ್ಪ ಹಾಳೆ, ಚಿನ್ನದ ಬಣ್ಣದ ಅಂಚು. ಗಣಪತಿ ಇರುವ ಭಾಗಕ್ಕೆ ಕತ್ತರಿ ಹಾಕಲು ಅತ್ತೆ ಬಿಡಲಿಲ್ಲ. ಅದನ್ನು ಹಾಗೇ ಇಡಿಯಾಗಿ ತೆಗೆದು ಪುಸ್ತಕದ ಮೊದಲ ಪುಟಕ್ಕೆ ಹಾಕಿದೆವು.

ಸ್ಕ್ರ್ಯಾಪ್‌ಬುಕ್ ಅನ್ನುವ ಹೆಸರು ಹೊರಗಿನದು, ನಿಜ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1873ರಲ್ಲೇ ಅಂಟು ಹಚ್ಚಿಟ್ಟ ಹಾಳೆಗಳ ಸ್ಕ್ರ್ಯಾಪ್‌ಬುಕ್‌ಗೆ ಪೇಟೆಂಟ್ ಪಡೆದಿದ್ದರಂತೆ, ಒದ್ದೆ ಮಾಡಿದರೆ ಅಂಟಿಕೊಳ್ಳುತ್ತಿತ್ತು. ಆದರೆ ಕಾಗದದ ಕೆಲಸ ನಮಗೇನು ಹೊಸದಲ್ಲ, ಅಲ್ವಾ? ಜಾತ್ರೆಗೆ ಓಣಿ ತುಂಬ ಕಟ್ಟುವ ಪರಪರಿ ಇದೆ, ಮದುವೆ ಬಾಸಿಂಗ ಇದೆ, ಗಾಳಿಪಟ ಇದೆ. ಮುದಗಲ್ ಕಡೆ ಮೊಹರಂಗೆ ಹಿಂದೂ ಮುಸ್ಲಿಮರು ಕೂಡಿ ಹಬ್ಬ ಮಾಡುತ್ತಾರೆ, ಬಣ್ಣದ ಕಾಗದ ಇಲ್ಲದೆ ಆ ಹಬ್ಬ ಆಗುತ್ತದೆಯೇ? ಅತ್ತೆ ಗಾಳಿಪಟದ ಹಾಳೆ ತೆಗೆದುಕೊಂಡು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿದರು. ಈ ಕಡೆಯಿಂದ ಒಂದು ಸೀಳು, ಆ ಕಡೆಯಿಂದ ಒಂದು ಸೀಳು, ಎದುರಿನ ಅಂಚು ಮಾತ್ರ ಮುಟ್ಟದ ಹಾಗೆ. ಬಿಡಿಸಿ ಮೆಲ್ಲಗೆ ಎಳೆದರೆ ಬಲೆಯ ಹಾಗೆ ಉದ್ದಕ್ಕೆ ಇಳಿಯಿತು. ಯೂಟ್ಯೂಬ್ ನೋಡಿ ಕಾಗದದ ಪಟ್ಟಿಯಿಂದ ಕ್ವಿಲ್ಲಿಂಗ್ ಹೂ ಸುತ್ತುವ ನನ್ನ ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. "ಅಜ್ಜಿ, ಇಷ್ಟು ದಿನ ಯಾಕ ಹೇಳಲಿಲ್ಲ?" ಅಂದಳು. "ನೀ ಕೇಳಲಿಲ್ಲಲ್ಲ" ಅಂದರು ಅತ್ತೆ. ಡ್ಯಾಮ್ ಪುಟದಲ್ಲಿ ಹರಿಯುವ ನೀರು ಇದೆಯಲ್ಲ, ಅದು ಆ ಬಲೆಯೇ, ನೀಲಿ ಗಾಳಿಪಟದ ಹಾಳೆಯದು.

ನಮ್ಮ ಪಕ್ಕದಲ್ಲೇ ಕಿನ್ನಾಳ ಇದೆ. ಅಲ್ಲಿನ ಚಿತ್ರಗಾರರು ಹುಣಸೆ ಬೀಜದ ಅಂಟು, ಗೋಣಿ ನಾರು, ಮರದ ಹೊಟ್ಟು ಕೂಡಿಸಿ ಗೊಂಬೆಗಳನ್ನು ಮಾಡಿಕೊಂಡು ಬಂದವರು, ಆ ಕಲೆಗೆ ಜಿಐ ಮಾನ್ಯತೆಯೂ, ಅಂದರೆ ಇದು ಈ ಊರಿನದೇ ಅನ್ನೋ ಸರ್ಕಾರದ ಗುರುತೂ ಇದೆ. ಅಂಟು ಕುದಿಸುವುದನ್ನು, ಬಣ್ಣ ಹಚ್ಚುವುದನ್ನು ಅವರಿಗಿಂತ ಚೆನ್ನಾಗಿ ಮಕ್ಕಳಿಗೆ ಯಾರು ತೋರಿಸುತ್ತಾರೆ? ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅಲ್ಲಿ ಮೇಜು ಇದೆ, ಮಕ್ಕಳೂ ಬರುತ್ತಾರೆ. ಬೇಸಿಗೆ ರಜೆಯಲ್ಲಿ ಒಂದು ವಾರ ಒಬ್ಬ ಕಲಾವಿದರನ್ನು ಕರೆಸಿ, ಅವರಿಗೆ ಸರಿಯಾದ ಸಂಭಾವನೆ ಕೊಟ್ಟು ಕಾಗದದ ಕೆಲಸ ಕಲಿಸಲು ಆಗುವುದಿಲ್ಲವೇ? ಜಿಲ್ಲಾ ಪಂಚಾಯಿತಿಯವರು ಇದನ್ನು ಓದಿದರೆ ಯೋಚನೆ ಮಾಡಲಿ. ಸಾವಿರಾರು ರೂಪಾಯಿ ಕೊಟ್ಟು ಸಮ್ಮರ್ ಕ್ಯಾಂಪ್‌ಗೆ ಕಳಿಸುವುದು ನಮ್ಮಂಥವರಿಗೆ ಆಗುವ ಮಾತಲ್ಲ.

ನಿಮ್ಮಲ್ಲೂ ಒಂದು ಕೋರಿಕೆ. ಮಕ್ಕಳ ಪುರವಣಿಯಲ್ಲಿ ವಾರಕ್ಕೊಂದು, ಯಾವುದಾದರೂ ಹಳ್ಳಿಯ ಮಗು ಕೈಯಿಂದ ಮಾಡಿದ ಪುಟವನ್ನು ಅದು ಹೇಗಿದೆಯೋ ಹಾಗೇ ಹಾಕಿ. ಗಮ್ ಕಲೆ ಇದ್ದರೆ ಇರಲಿ, ಕಾಗುಣಿತ ತಪ್ಪಿದ್ದರೂ ಇರಲಿ.

ಈ ಪತ್ರದ ಜೊತೆ ಡ್ಯಾಮ್ ಪುಟದ ಕಲರ್ ಝೆರಾಕ್ಸ್ ಇಟ್ಟಿದ್ದೇನೆ. ಮೂಲ ಪುಟ ಕೇಳಿದರೆ ಮಗಳು ಕೊಡಲಿಲ್ಲ. ಎಡಗಡೆಯಿಂದ ಎಣಿಸಿಕೊಂಡು ಬನ್ನಿ, ಹತ್ತೊಂಬತ್ತನೇ ಜಾಗ ಸಿಗುತ್ತದೆ.

ಇಂತಿ,
ನಿಮ್ಮ ಓದುಗಳು
ಭಾಗ್ಯನಗರ, ಕೊಪ್ಪಳ