ಹುಟ್ಟಿಗೆ ಕಟ್ಟಿಹಾಕಿದ ಕುರ್ಚಿ

ಮಾನ್ಯರೇ,

ಬೋಸ್ನಿಯಾದ ಯುದ್ಧ ನಿಲ್ಲಿಸಿದ ಡೇಟನ್ ಒಪ್ಪಂದಕ್ಕೆ ಮೂವತ್ತು ವರ್ಷ ತುಂಬಿದೆ. ಜನಾಂಗ, ಧರ್ಮಗಳ ಹೆಸರಿನಲ್ಲಿ ಒಡೆದ ನಾಡಿಗೆ ಅಧಿಕಾರ ಹಂಚಿಕೆಯೇ ಮದ್ದು ಎನ್ನುವವರು ಇದನ್ನೇ ಮಾದರಿಯಾಗಿ ತೋರಿಸುತ್ತಾರೆ. ಹಂಚಿಕೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿ ಹಂಚಿದ ರೀತಿಯಲ್ಲೇ ದೋಷವಿದೆ.

1995ರ ಡಿಸೆಂಬರ್ 14ರಂದು ಸಹಿಯಾದ ಆ ಒಪ್ಪಂದದ ನಾಲ್ಕನೇ ಅನುಬಂಧವೇ ಇಂದಿಗೂ ದೇಶದ ಸಂವಿಧಾನ. ಅಧ್ಯಕ್ಷ ಪೀಠಕ್ಕೆ ಮೂವರು: ಒಬ್ಬ ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಂ), ಒಬ್ಬ ಕ್ರೊಯೇಟ್, ಒಬ್ಬ ಸರ್ಬ್. ಪೀಠದ ಮುಖ್ಯಸ್ಥರ ಸರದಿ ಎಂಟು ತಿಂಗಳಿಗೊಮ್ಮೆ ಬದಲು. ದೇಶದಲ್ಲಿ ಎರಡು ಸ್ವಾಯತ್ತ ಭಾಗಗಳು: ಫೆಡರೇಷನ್ ಮತ್ತು ರಿಪಬ್ಲಿಕಾ ಸರ್ಪ್ಸ್ಕಾ. ಮೊದಲಿನ ಇಬ್ಬರು ಫೆಡರೇಷನ್ ಭಾಗದಿಂದಲೇ, ಸರ್ಬ್ ಸದಸ್ಯ ರಿಪಬ್ಲಿಕಾ ಸರ್ಪ್ಸ್ಕಾದಿಂದಲೇ ಆರಿಸಿ ಬರಬೇಕು. ಯಹೂದಿಗಳು, ರೋಮಾ ಜನ ಸಂವಿಧಾನದ ಭಾಷೆಯಲ್ಲಿ 'ಇತರರು'. ಅವರು ಸ್ಪರ್ಧಿಸುವಂತೆಯೇ ಇಲ್ಲ. ರೋಮಾ ಸಮುದಾಯದ ಡೆರ್ವೊ ಸೆಯ್ದಿಚ್, ಯಹೂದಿ ಯಾಕೋಬ್ ಫಿಂಟ್ಸಿ 2009ರಲ್ಲೇ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದರು. ಯುದ್ಧದಲ್ಲಿ ಬೋಸ್ನಿಯಾಕರ ನರಮೇಧ ಕಂಡ ಸ್ರೆಬ್ರೆನಿಟ್ಸಾ ಪಟ್ಟಣ ಇರುವುದು ಸರ್ಪ್ಸ್ಕಾದಲ್ಲಿ. ಅಲ್ಲಿಯೇ ಉಳಿದ ಬೋಸ್ನಿಯಾಕ್ ಒಬ್ಬರು ಈ ಪೀಠಕ್ಕೆ ನಿಲ್ಲಬೇಕೆಂದರೆ ಊರು ಬಿಡಬೇಕು! ಅಂಥವರಲ್ಲೊಬ್ಬರಾದ ಇಲಿಯಾಜ್ ಪಿಲಾವ್ 2016ರಲ್ಲಿ ಇದರ ವಿರುದ್ಧವೂ ತೀರ್ಪು ತಂದರು. ಸಂವಿಧಾನದ ಆ ಸಾಲು ಮಾತ್ರ ಹಾಗೇ ಇದೆ.

ಕಾರಣ, ಸಂಸತ್ತಿನ ತುಂಬ ಬೀಗಗಳು. ಮೇಲ್ಮನೆಯಲ್ಲಿ 15 ಮಂದಿ, ಪಂಗಡಕ್ಕೆ ಐದು. ಪ್ರತಿ ಪಂಗಡದ ಕನಿಷ್ಠ ಮೂವರು ಹಾಜರಿರದೆ ಕೋರಂ ಇಲ್ಲ. ಅಂದರೆ ಒಂದು ಪಂಗಡದ ಮೂವರು ಬಾರದಿದ್ದರೆ ಕಲಾಪವೇ ಇಲ್ಲ. ಕೆಳಮನೆಯ 42ರಲ್ಲಿ ಸರ್ಪ್ಸ್ಕಾದ ಪಾಲು 14. ಅದರಲ್ಲಿ ಹತ್ತು ಮಂದಿ ವಿರೋಧಿಸಿದರೆ ಮಸೂದೆ ಬಿತ್ತು. ಇದರ ಮೇಲೆ, ತನ್ನ 'ಜೀವಾಳದ ಹಿತಾಸಕ್ತಿ'ಗೆ ಧಕ್ಕೆ ಎಂದು ಪಂಗಡವೊಂದು ಮಸೂದೆಗೆ ತಡೆಯೊಡ್ಡುವ ವೀಟೊ. ಜೀವಾಳ ಎಂದರೇನು ಎಂಬ ವ್ಯಾಖ್ಯೆಯನ್ನು ಸಂವಿಧಾನ ಕೊಟ್ಟೇ ಇಲ್ಲ.

2013ರಲ್ಲಿ ಇದರ ಬಿಸಿ ತಟ್ಟಿದ್ದು ಹಸುಗೂಸುಗಳಿಗೆ. ಅಲ್ಲಿನ ಗುರುತಿನ ಸಂಖ್ಯೆ 13 ಅಂಕಿಯದು. ಮೊದಲ ಏಳು ಹುಟ್ಟಿದ ದಿನಾಂಕ, ಮುಂದಿನ ಎರಡು ಪ್ರದೇಶದ ಗುರುತು. ಆ ಎರಡು ಅಂಕಿ ಯಾವ ಗಡಿಯನ್ನು ಅನುಸರಿಸಬೇಕು ಎಂಬ ಜಗಳದಲ್ಲಿ ಫೆಬ್ರವರಿಯಲ್ಲಿ ಕಾನೂನೇ ಇಲ್ಲವಾಯಿತು. ಆಮೇಲೆ ಹುಟ್ಟಿದ ಮಕ್ಕಳಿಗೆ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದೆ ಪಾಸ್‌ಪೋರ್ಟ್ ಇಲ್ಲ. ಚಿಕಿತ್ಸೆಗೆ ಗಡಿ ದಾಟಬೇಕಿದ್ದ ಒಂದು ಹೆಣ್ಣುಕೂಸು ಆ ಜೂನ್‌ನಲ್ಲಿ ತೀರಿಕೊಂಡಿತು. ರಾಜಧಾನಿ ಸರಾಯೆವೊದ ಜನ ಜಾತಿಮತ ನೋಡದೆ ಸಂಸತ್ತನ್ನು ಸುತ್ತುವರಿದರು.

ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಕಲಹದಲ್ಲಿ ಒಡೆದಿದ್ದ ಉತ್ತರ ಐರ್ಲೆಂಡ್ 1998ರಲ್ಲಿ ಸಚಿವ ಖಾತೆ ಹಂಚಲು ಬೇರೆ ಲೆಕ್ಕ ಹಿಡಿಯಿತು. ಪಕ್ಷ ಗೆದ್ದ ಸ್ಥಾನಗಳನ್ನು, ಅದಕ್ಕೆ ಈಗಾಗಲೇ ಸಿಕ್ಕ ಖಾತೆಗಳಿಗೆ ಒಂದು ಕೂಡಿಸಿ ಭಾಗಿಸುತ್ತಾರೆ; ದೊಡ್ಡ ಭಾಗಲಬ್ಧದವರಿಗೆ ಮುಂದಿನ ಖಾತೆ. 2022ರಲ್ಲಿ 27 ಸ್ಥಾನ ಗೆದ್ದ ಪಕ್ಷ ಒಂದು ಖಾತೆ ಪಡೆದ ಮೇಲೆ 13.5ಕ್ಕೆ ಇಳಿದು ಸರದಿ ಕಾಯುತ್ತದೆ. ಈ ಲೆಕ್ಕ ಯಾರ ಧರ್ಮವನ್ನೂ ಕೇಳುವುದಿಲ್ಲ. ಅಲ್ಲಿಯೂ ತೊಡಕಿದೆ: ಸರ್ಕಾರದ ತುದಿಯ ಎರಡು ಹುದ್ದೆಗಳಲ್ಲಿ (ಪ್ರಥಮ ಸಚಿವ, ಉಪ ಪ್ರಥಮ ಸಚಿವ) ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರೂ ಇಳಿಯಬೇಕು. ಅದರಿಂದಲೇ 2017ರಿಂದ ಮೂರು ವರ್ಷ, 2022ರಿಂದ ಎರಡು ವರ್ಷ ಸರ್ಕಾರ ನಿಂತುಹೋಯಿತು. ಆದರೂ ಅಲ್ಲಿ ಖಾತೆ ಬರುವುದು ಜನ ಹಾಕಿದ ವೋಟಿನಿಂದ, ಹುಟ್ಟಿನಿಂದಲ್ಲ.

ಬೋಸ್ನಿಯಾದಲ್ಲಿ ಪೀಠದ ವಿಧಿಯಿಂದ ಮೂರು ಪಂಗಡಗಳ ಹೆಸರು ತೆಗೆದು, 'ಒಂದೇ ಪಂಗಡದಿಂದ ಒಬ್ಬರಿಗಿಂತ ಹೆಚ್ಚಿಲ್ಲ' ಎಂದು ಬರೆದರೆ ಸಾಕು, 'ಇತರರಿಗೂ' ಬಾಗಿಲು ತೆರೆಯುತ್ತದೆ. ವೀಟೊ ಇರಲಿ, ಯಾವ ವಿಷಯಗಳಿಗೆ ಎಂಬ ಪಟ್ಟಿ ಬರೆದಿಡಲಿ. ಭಾಷೆ, ಶಾಲೆ, ಪೂಜಾಸ್ಥಳ ಅದರಲ್ಲಿರಲಿ. ಹುಟ್ಟಿದ ಕೂಸಿನ ಗುರುತಿನ ಸಂಖ್ಯೆ ಬೇಡ.

— ರಾಜ್ಯಶಾಸ್ತ್ರ ಅಧ್ಯಾಪಕರು, ಧಾರವಾಡ